ಪೋಳೆಂ ಗಡಿ ದಾಟಿ ಬಂದ ಆಜಿಯ ಬದುಕನ್ನು ಬರೆಯಬೇಕಾಗಿದೆ

ಸದಾಶಿವಗಡದ ಮೊಮ್ಮಗ ಕೇಳಿದ್ದು:

ನನ್ನ ತಂದೆಯ ತಾಯಿ, ನಾವೆಲ್ಲ ಆಜಿ ಎಂದು ಕರೆಯುತ್ತಿದ್ದವಳು, ತೀರಿಕೊಂಡು ಬರುವ ಮಾಘಕ್ಕೆ ವರ್ಷವಾಗುತ್ತದೆ. ವರ್ಷಾಂತಿಕಕ್ಕೆ ಬಂದವರ ಕೈಗೆ ಕೊಡಲು ಅವಳ ಬದುಕಿನ ಒಂದು ಚಿಕ್ಕ ಪುಸ್ತಿಕೆ ಬರೆಯುವ ಕೆಲಸವನ್ನು ಮನೆಯವರು ನನಗೆ ಒಪ್ಪಿಸಿದ್ದಾರೆ. ಆಜಿ ಹುಟ್ಟಿದ್ದು ಗೋವಾದ ಕಾಣಕೋಣ ತಾಲೂಕಿನ ಒಂದು ಹಳ್ಳಿಯಲ್ಲಿ. 1953ರಲ್ಲಿ ಮದುವೆಯಾಗಿ ಕಾರವಾರದ ಹತ್ತಿರದ ಸದಾಶಿವಗಡಕ್ಕೆ ಬಂದಳು. ಈಗ ಅದು ಊಟ ಮುಗಿಸಿ ಹೊರಟರೆ ಸಂಜೆಯ ಚಹಕ್ಕೆ ಮರಳಿ ಬರಬಹುದಾದ ದಾರಿ, ಆಗ ಪೋರ್ಚುಗೀಸರ ಆಳ್ವಿಕೆಯ ಪರದೇಶ. 1955ರಲ್ಲಿ ಗಡಿ ಬಿಗಿಯಾದ ಮೇಲೆ ಅವಳಿಗೆ ತವರಿನ ದಾರಿಯೇ ಮುಚ್ಚಿಹೋಯಿತು. ಮರುವರ್ಷ ಅವಳ ತಂದೆ ತೀರಿಕೊಂಡ ಸುದ್ದಿ ಹನ್ನೊಂದು ದಿನಗಳ ನಂತರ ಮೀನುಗಾರರ ಬಾಯಿಂದ ಬಂದಾಗ, ಹಿತ್ತಿಲ ಬಾವಿಯ ಹತ್ತಿರ ತಲೆಯ ಮೇಲೆ ನಾಲ್ಕು ಕೊಡ ನೀರು ಸುರಿದುಕೊಂಡು ಬಂದು ಮತ್ತೆ ಒಲೆಯ ಮುಂದೆ ಕೂತಳಂತೆ.

ಅಜ್ಜ ಬೇಗ ಹೋದರು. ಕಾಳಿ ನದಿಗೆ ಸೇತುವೆ ಇಲ್ಲದ ಆ ಕಾಲದಲ್ಲಿ ಒಣಗಿಸಿದ ಮುರುಗಲ (ಕೋಕಂ) ಸಿಪ್ಪೆ ಮತ್ತು ಒಣ ಮೀನನ್ನು ಬುಟ್ಟಿಯಲ್ಲಿ ಹೊತ್ತು, ತಾರಿಯಲ್ಲಿ, ಅಂದರೆ ದೋಣಿಯಲ್ಲಿ, ನದಿ ದಾಟಿ ಕಾರವಾರದ ಭಾನುವಾರದ ಸಂತೆಯಲ್ಲಿ ಮಾರಿ ನಾಲ್ವರು ಮಕ್ಕಳನ್ನು ಓದಿಸಿದಳು. ಮುಂದೆ ನಮ್ಮನ್ನೂ ಅವಳೇ ಬೆಳೆಸಿದಳು. ಇಷ್ಟು ಗೊತ್ತಿದ್ದರೂ ನಾನು ಬರೆದ ಕರಡಿನ ತುಂಬ ‘ತ್ಯಾಗಮಯಿ’, ‘ಕರುಣಾಮಯಿ’ ಎಂಬ ಮಾತುಗಳೇ ಇವೆ, ಅದನ್ನು ಯಾರ ಆಜಿಯ ಹೆಸರಿನಲ್ಲಿ ಬೇಕಾದರೂ ಅಚ್ಚು ಹಾಕಿಸಬಹುದು. ಅವಳ ಕುಂಕುಮದ ಭರಣಿಯಲ್ಲಿ ಪೋರ್ಚುಗೀಸರ ಹಣವಾದ ಎಸ್ಕುಡೊದ 1959ರ ಒಂದು ನಾಣ್ಯ ಸಿಕ್ಕಿದೆ, ಮದುವೆಯಲ್ಲಿ ತವರಿನಿಂದ ತಂದದ್ದಿರಬೇಕೆಂದು ನಾವು ತಿಳಿದಿದ್ದೇವೆ. ಇದರಾಚೆ ಅವಳ ಬಾಲ್ಯದ ದಾಖಲೆಗಳು ಗೋವಾದಲ್ಲಿ ಸಿಗಬಹುದೇ? ದೊಡ್ಡಪ್ಪನ ಮಕ್ಕಳು, ಪೋರ್ಚುಗೀಸ್ ಆಳ್ವಿಕೆಯಲ್ಲಿ ಹುಟ್ಟಿದವಳ ವಂಶದವರೆಂದು, ಅದೇ ದಾಖಲೆಯನ್ನು ಪೋರ್ಚುಗೀಸ್ ಪಾಸ್‌ಪೋರ್ಟಿಗಾಗಿ ಹುಡುಕುವ ಮಾತಾಡುತ್ತಿದ್ದಾರೆ. ನನ್ನ ಉದ್ದೇಶ ಅದಲ್ಲ.

ಕೋಡಿಬಾಗದ ನಿವೃತ್ತ ಮಾಸ್ತರರ ಉತ್ತರ:

ತಮ್ಮಾ, ಮೊದಲು ನಾಣ್ಯದ ವಿಷಯ. 1953ರ ಮದುವಣಗಿತ್ತಿಯ ಕೈಯಲ್ಲಿ 1959ರ ನಾಣ್ಯ ಇರಲು ಸಾಧ್ಯವಿಲ್ಲ. ಇಸವಿಯನ್ನು ಬಿಟ್ಟರೂ, ಅವರು ಹೊರಟು ಬಂದಾಗ ಗೋವಾದಲ್ಲಿ ನಡೆಯುತ್ತಿದ್ದದ್ದು ‘ರುಪಿಯಾ’. 1958ರ ನಂತರವೇ ಅದರ ಬದಲು ಎಸ್ಕುಡೊ ಚಲಾವಣೆಗೆ ಬಂತು. ಆದ್ದರಿಂದ ಅದು ಯಾರೋ ಆಮೇಲೆ ತಂದುಕೊಟ್ಟದ್ದು, ಇಲ್ಲವೇ ಅವರೇ ಆಮೇಲೆ ಹೋಗಿ ತಂದದ್ದು. ನಿಮ್ಮ ಮನೆಯ ಹಿರಿಯರಲ್ಲಿ ಈ ಒಂದು ಪ್ರಶ್ನೆಯನ್ನು ಕೇಳಿದರೆ ಉಳಿದ ಕಥೆ ತಾನಾಗಿ ಹೊರಬರುತ್ತದೆ ಎಂದು ನನ್ನ ನಂಬಿಕೆ.

1961ರ ನವೆಂಬರಿನಲ್ಲಿ ನಮ್ಮ ಎದುರಿನ ಅಂಜುದೀವ್ ದ್ವೀಪದಿಂದ ಪೋರ್ಚುಗೀಸರು ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು, ಅದೇ ತಿಂಗಳು ಅಲ್ಲಿಂದಲೇ ಬಂದ ಗುಂಡಿಗೆ ಒಬ್ಬ ಮೀನುಗಾರ ಸತ್ತ. ನಾನಾಗ ಹನ್ನೊಂದು ವರ್ಷದ ಹುಡುಗ. ದೋಣಿಗಳು ಕಡಲಿಗಿಳಿಯಲು ಹೆದರುತ್ತಿದ್ದ ಆ ದಿನಗಳಲ್ಲಿ, ಆಚೆ ತವರಿದ್ದ ಹೆಂಗಸರನ್ನು ನೆರೆಯವರು ತುಸು ಅನುಮಾನದಿಂದ ನೋಡುತ್ತಿದ್ದರೆಂಬುದನ್ನೂ ಹೇಳಲೇಬೇಕು. ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆಯಾಯಿತು. ನಿಮ್ಮ ಆಜಿಗೆ ಆ ದಿನ ಏನಾಗಿ ಕಂಡಿತೋ, ವಿಚಾರಿಸಿರಿ.

ಮಾಜಾಳಿ ಸೊಸೆಯ ಉತ್ತರ:

ನನ್ನ ಅತ್ತೆಯವರ ಜನನದ ದಾಖಲೆಗಾಗಿ ಮೂರು ಸಲ ಗೋವಾಕ್ಕೆ ಓಡಾಡಿದವಳು ನಾನು. ಅಲ್ಲಿ ಪೋರ್ಚುಗೀಸರ ಕಾಲದಲ್ಲೇ ಹಿಂದೂಗಳ ಜನನ, ಮದುವೆಗಳನ್ನೂ ಸರ್ಕಾರಿ ಪುಸ್ತಕದಲ್ಲಿ ಬರೆಸಬೇಕಾಗಿತ್ತು, ಹೀಗಾಗಿ ಸಿಗುವ ಸಂಭವ ಇದೆ. ಕಾಣಕೋಣದ ಸಿವಿಲ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊದಲು ಕೇಳಿರಿ, ಅಲ್ಲಿ ಇಲ್ಲದಿದ್ದರೆ ಪಣಜಿಯ ಪತ್ರಾಗಾರದಲ್ಲಿ. ಬರಹ ಪೋರ್ಚುಗೀಸಿನಲ್ಲಿರುತ್ತದೆ, ಓದಿಸಲು ಅಲ್ಲಿಯ ಹಿರಿಯ ವಕೀಲರು ಯಾರಾದರೂ ಸಿಗುತ್ತಾರೆ.

ಎರಡು ಕಡೆ ಎಡವುತ್ತೀರಿ, ನಾನು ಎಡವಿದ್ದೆ. ನಮ್ಮಲ್ಲಿ ಮದುವೆಯಲ್ಲಿ ಹುಡುಗಿಯ ಹೆಸರು ಬದಲಾಗುವ ರೂಢಿಯಿತ್ತು, ಆದ್ದರಿಂದ ನೀವು ಬಲ್ಲ ಹೆಸರು ಪುಸ್ತಕದಲ್ಲಿ ಇಲ್ಲದೆ ಹೋಗಬಹುದು. ಅವರ ತಂದೆಯ ಹೆಸರು ಹಿಡಿದು ಹುಡುಕಿರಿ. ಎರಡನೆಯದಾಗಿ, ಪೋರ್ಚುಗೀಸರು ‘ಶ’ ಉಚ್ಚಾರವನ್ನು ಎಕ್ಸ್ ಅಕ್ಷರದಿಂದ ಬರೆಯುತ್ತಿದ್ದರು. ಶಾಂತಾ ಎಂಬ ಹೆಸರನ್ನು ಎಸ್ ಅಕ್ಷರದಲ್ಲಿ ಹುಡುಕಿ ನಾನು ಒಂದು ಇಡೀ ದಿನ ಕಳೆದೆ.

ನಿಮ್ಮ ದೊಡ್ಡಪ್ಪನ ಮಕ್ಕಳಿಗೂ ಒಂದು ಮಾತು: ಪೋರ್ಚುಗೀಸ್ ಪೌರತ್ವ ಪಡೆದ ಕ್ಷಣ ಭಾರತದ ಪೌರತ್ವ ಹೋಗುತ್ತದೆ, ಎರಡನ್ನೂ ಇಟ್ಟುಕೊಳ್ಳಲು ನಮ್ಮ ಕಾಯಿದೆ ಒಪ್ಪುವುದಿಲ್ಲ.

ಅಂಕೋಲೆಯ ಓದುಗನ ಉತ್ತರ:

ದಾಖಲೆ ಸಿಗಲಿ, ಸಿಗದಿರಲಿ, ಕರಡಿನಲ್ಲಿರುವ ‘ಮಯಿ’ಗಳನ್ನೆಲ್ಲ ಹೊಡೆದುಹಾಕಿರಿ. ಬಾವಿಯ ಹತ್ತಿರದ ಆ ನಾಲ್ಕು ಕೊಡ ನೀರನ್ನು ಬರೆದವರಿಗೆ ಅವುಗಳ ಅಗತ್ಯ ಇಲ್ಲ. ತಾರಿಗೆ ಎಷ್ಟು ಕೊಡುತ್ತಿದ್ದಳು, ಮಳೆಗಾಲದಲ್ಲಿ ಸಿಪ್ಪೆಯನ್ನು ಎಲ್ಲಿ ಒಣಗಿಸುತ್ತಿದ್ದಳು, ಯಾರ ಮೇಲೆ ಸಿಟ್ಟಾಗುತ್ತಿದ್ದಳು, ಇವನ್ನು ಕೇಳಿ ಬರೆಯಿರಿ. ಅವಳ ಸಿಟ್ಟನ್ನು ಬಿಡಬೇಡಿರಿ. ತೀರಿಹೋದವರೆಲ್ಲ ಬದುಕಿದ್ದಾಗ ಸಿಟ್ಟೇ ಮಾಡಿರಲಿಲ್ಲ ಎಂಬಂತೆ ಬರೆಯುವ ಪುಸ್ತಿಕೆಗಳನ್ನು ನಾನು ಸಾಕಷ್ಟು ಓದಿದ್ದೇನೆ.

ಅವಳ ಮಾತನ್ನೂ ಅವಳಾಡಿದಂತೆಯೇ ಇಡಿರಿ. ಕುರ್ಚಿಗೆ ‘ಕದೇಲ್’, ಕಿಟಕಿಗೆ ‘ಜನೇಲ್’ ಎನ್ನುತ್ತಿದ್ದರೆ ತಿದ್ದಬೇಡಿರಿ. ನಗುವವರಿಗೆ ನಾವು ದಿನವೂ ಆಡುವ ‘ಚಾವಿ’ಯೂ ಪೋರ್ಚುಗೀಸಿನಿಂದಲೇ ಬಂದದ್ದು ಎಂದು ತಿಳಿಸಿರಿ.

ಸದಾಶಿವಗಡದ ಮೊಮ್ಮಗನ ಮರು ಉತ್ತರ:

ಎಲ್ಲರಿಗೂ ಕೃತಜ್ಞತೆಗಳು. ಆಜಿ ‘ಕದೇಲ್’ ಎಂದಾಗ ನಕ್ಕವರಲ್ಲಿ ನಾನೂ ಒಬ್ಬ.

ನಿನ್ನೆ ಹಿರಿಯ ಅತ್ತೆಯ ಮುಂದೆ ನಾಣ್ಯವನ್ನಿಟ್ಟು ಮಾಸ್ತರರ ಪ್ರಶ್ನೆಯನ್ನೇ ಕೇಳಿದೆ. ಅತ್ತೆಗೆ ಆಗ ಏಳು ವರ್ಷವಂತೆ. 1962ರ ಬೇಸಿಗೆಯಲ್ಲಿ ಆಜಿ ಅತ್ತೆಯ ಕೈ ಹಿಡಿದು, ನನ್ನ ತಂದೆಯನ್ನು ಸೊಂಟದ ಮೇಲೆ ಕೂರಿಸಿಕೊಂಡು, ಪೋಳೆಂ ದಾಟಿ ತವರಿಗೆ ನಡೆದೇ ಹೋದಳು. ಅವಳ ತಾಯಿ ಬಾಗಿಲಲ್ಲಿ ನಿಂತು, ಮಗಳನ್ನು ಒಳಗೆ ಕರೆಯುವುದನ್ನೂ ಮರೆತು, ಒಂದು ಬಟ್ಟೆಯ ಗಂಟನ್ನು ತಂದು ಕೈಗೆ ಕೊಟ್ಟರು. ಪ್ರತಿ ಚೌತಿಗೂ ಮಗಳಿಗೆ ಬಳೆ ತೊಡಿಸಲೆಂದು ತೆಗೆದಿಡುತ್ತಿದ್ದ ಹಣ ಅದು, ರುಪಿಯಾ, ಎಸ್ಕುಡೊ ಎರಡೂ ಅದರಲ್ಲಿದ್ದವು. ಅಷ್ಟರಲ್ಲಿ ಗೋವಾದಲ್ಲಿ ಭಾರತದ ರೂಪಾಯಿ ಬಂದು ಆ ಹಣದ ಕಾಲವೇ ಮುಗಿಯುತ್ತ ಬಂದಿತ್ತು. ಬದಲಾಯಿಸಿಕೊಳ್ಳಬಹುದಾದಷ್ಟನ್ನು ಬದಲಾಯಿಸಿ ಆಜಿ ಅತ್ತೆಗೆ ಶಾಲೆಯ ಪಾಟಿ ಕೊಂಡಳು. ಆ ಪಾಟಿಯ ಮೇಲೆಯೇ ಅತ್ತೆಯಿಂದ ತಾನೂ ಕನ್ನಡ ಅಕ್ಷರ ಕಲಿತಳಂತೆ, ರಾತ್ರಿ ಮಕ್ಕಳು ಮಲಗಿದ ಮೇಲೆ ಒಬ್ಬಳೇ ತೀಡುತ್ತಿದ್ದಳಂತೆ. ಒಂದು ಎಸ್ಕುಡೊವನ್ನು ಮಾತ್ರ ಬದಲಾಯಿಸಲಿಲ್ಲ.

ಸಿಟ್ಟಿನ ಬಗ್ಗೆಯೂ ಕೇಳಿದೆ. ತಂದೆ ತೀರಿದಾಗ ‘ಹೇಗೂ ಹೋಗಲಾಗದು, ಅತ್ತು ಏನು ಉಪಯೋಗ’ ಎಂದ ನೆರೆಮನೆಯವರ ಅಂಗಳವನ್ನು ಆಜಿ ಸಾಯುವ ತನಕ ಮೆಟ್ಟಲಿಲ್ಲವಂತೆ. ಅದನ್ನೂ ಬರೆಯುತ್ತೇನೆ, ಆ ಮನೆಯವರೂ ವರ್ಷಾಂತಿಕಕ್ಕೆ ಬರುತ್ತಾರೆ ಎಂಬ ಅಳುಕು ಇದ್ದರೂ.

ಅತ್ತೆ ಅವಳ ಹುಟ್ಟುಹೆಸರನ್ನೂ ನೆನಪಿಸಿಕೊಂಡರು. ನಮ್ಮಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ‘ಶ’ದಿಂದ ಶುರುವಾಗುತ್ತದೆ. ಸೋಮವಾರ ಅತ್ತೆಯನ್ನೂ ಕರೆದುಕೊಂಡು ಕಾಣಕೋಣಕ್ಕೆ ಹೋಗುತ್ತಿದ್ದೇನೆ, ಎಕ್ಸ್ ಅಕ್ಷರದಿಂದಲೇ ಹುಡುಕುತ್ತೇವೆ.