‘ಕರೆಂಟ್ ಕಮ್ಮಿ’ ಅಂದರೆ ಮಲ್ಟಿಮೀಟರಿನಲ್ಲಿ ಯಾವುದು ಕಮ್ಮಿ?

ಎಲ್ಲರಿಗೂ ನಮಸ್ಕಾರ.

ಅರಸೀಕೆರೆ ಕಡೆ ಮೋಟಾರ್ ರಿಪೇರಿ ಕಲಿಯುವ ಹುಡುಗರಿಗಾಗಿ ಮಲ್ಟಿಮೀಟರ್ (ವೋಲ್ಟೇಜ್, ಆಂಪಿಯರ್, ತಡೆ ಮೂರನ್ನೂ ಅಳೆಯುವ ಮೀಟರ್) ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಬರೆಯುತ್ತಿದ್ದೇನೆ. ‘ಕರೆಂಟ್’ ಅನ್ನುವ ಪದದ ಹತ್ತಿರ ಕೈ ನಿಂತಿದೆ. ಬಲ್ಲವರು ಹೇಳಬೇಕು.

ನಮ್ಮ ಹಾಸನ ಜಿಲ್ಲೆಯಲ್ಲಿ ಕರೆಂಟ್ ಬರುತ್ತದೆ, ಹೋಗುತ್ತದೆ, ಮುಟ್ಟಿದರೆ ಹೊಡೆಯುತ್ತದೆ. ಕರೆಂಟ್ ಕಂಬ, ಕರೆಂಟ್ ಬಿಲ್ಲು ಎಲ್ಲ ಇವೆ. ಅಲ್ಲಿ ಅರ್ಥ ವಿದ್ಯುತ್ ಅಷ್ಟೇ, ತಕರಾರಿಲ್ಲ. ‘ಕರೆಂಟ್ ಇದೆಯಾ ನೋಡು’ ಅಂದಾಗ ತೊಡಕು ಶುರು. ಆಗ ಮೀಟರಿನಲ್ಲಿ ನೋಡಬೇಕಾದ್ದು ವೋಲ್ಟೇಜು. ಡಯಲನ್ನು ಎಸಿ ವೋಲ್ಟಿನ ದೊಡ್ಡ ರೇಂಜಿಗೆ ಇಟ್ಟು, ಫೇಸಿಗೊಂದು ನ್ಯೂಟ್ರಲ್ಲಿಗೊಂದು ಕಡ್ಡಿ ಮುಟ್ಟಿಸಿದರೆ 230ರ ಆಸುಪಾಸು ತೋರಿಸಬೇಕು. ಪಾಠದಲ್ಲಿ ವೋಲ್ಟೇಜ್ ಅಂದರೆ ತಳ್ಳುವ ಒತ್ತಡ, ಕರೆಂಟ್ ಅಂದರೆ ವೈರಿನಲ್ಲಿ ಹರಿಯುವ ಪ್ರವಾಹ, ಅದರ ಅಳತೆ ಆಂಪಿಯರ್. ಹೊಸಬ ಆ ಪದವನ್ನೇ ನಂಬಿ, ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಸಿಕ್ಕಿಸಿ ಹಾಗೇ ಮುಟ್ಟಿಸಿದನೋ, ನೇರ ಶಾರ್ಟ್! ಆ ದಾರಿಯಲ್ಲಿ ತಡೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅಗ್ಗದ ಮೀಟರುಗಳಲ್ಲಿ ಎಷ್ಟೋ ಸಲ ಅಲ್ಲಿ ಫ್ಯೂಸೂ ಇರುವುದಿಲ್ಲ.

ಇದಕ್ಕಿಂತ ಮಜಾ ಇರುವುದು ‘ಕರೆಂಟ್ ಕಮ್ಮಿ’ಯಲ್ಲಿ. ಬೇಸಿಗೆಯಲ್ಲಿ ತೆಂಗಿನ ತೋಟದ ಬೋರ್‌ವೆಲ್ಲುಗಳೆಲ್ಲ ಒಟ್ಟಿಗೆ ಓಡುವಾಗ ‘ಕರೆಂಟ್ ಕಮ್ಮಿ ಬಂದು ಮೋಟಾರ್ ಸುಟ್ಟುಹೋಯ್ತು’ ಅನ್ನುತ್ತಾರಲ್ವಾ? ನಿಜವಾಗಿ ಇಳಿದಿರುವುದು ವೋಲ್ಟೇಜು. ಎರಡು ಫೇಸುಗಳ ನಡುವೆ 415ರ ಹತ್ತಿರ ಇರಬೇಕಾದ್ದು 320ಕ್ಕೆ ಬಂತು ಅನ್ನಿ. ಎತ್ತಬೇಕಾದ ನೀರು ಅಷ್ಟೇ ಇದೆ, ಹಾಗಾಗಿ ಮೋಟಾರು ಜಾಸ್ತಿ ಆಂಪಿಯರ್ ಎಳೆಯುತ್ತದೆ, ಒಳಗಿನ ತಂತಿ ಸುತ್ತು, ಅಂದರೆ ವೈಂಡಿಂಗ್, ಕಾದುಹೋಗುತ್ತದೆ. ಪಾಠದ ಲೆಕ್ಕದಲ್ಲಿ ಅದು ಸುಟ್ಟಿದ್ದು ಕರೆಂಟ್ ಜಾಸ್ತಿಯಾಗಿ! ಊರಿನ ಮಾತಿಗೆ ಪೂರ್ತಿ ಉಲ್ಟಾ. ಹಾಗಂತ ಆ ಮಾತು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಆಡುವವರಿಗೂ ಕೇಳುವವರಿಗೂ ಅರ್ಥ ಸರಿಯಾಗಿಯೇ ಆಗುತ್ತದೆ.

ಶಾಲೆಯ ಪುಸ್ತಕದಲ್ಲಿ ವಿಭವಾಂತರ, ವಿದ್ಯುತ್ ಪ್ರವಾಹ, ರೋಧ ಅಂತಿವೆ. ಸ್ಟಾರ್ಟರ್ ಬಾಕ್ಸಿನ ಮುಂದೆ ನಿಂತು ‘ವಿಭವಾಂತರ ನೋಡಪ್ಪಾ’ ಅಂದವರನ್ನು ನಾನಂತೂ ಕಂಡಿಲ್ಲ. ಮೆಕ್ಯಾನಿಕ್ಕುಗಳು ಕೇಳುವುದು ‘ವೋಲ್ಟೇಜ್ ಎಷ್ಟು ಬರ್ತಿದೆ? ಆಂಪ್ಸ್ ಎಷ್ಟು ಎಳೀತಿದೆ?’ ಅಂತ. ನನಗೆ ಹಿಡಿಸಿದ್ದು ಇಲ್ಲಿನ ಕ್ರಿಯಾಪದ. ಬರುವುದು ಲೈನಿನಿಂದ, ಎಳೆಯುವುದು ಮೋಟಾರು. ಯಾವುದು ಯಾರ ಕೈಲಿದೆ ಅನ್ನುವುದು ಅಲ್ಲೇ ಬಂತು. ಅಳತೆಯ ಹೆಸರನ್ನೇ ಹಿಡಿಯುವುದು ಹೊಸದೇನಲ್ಲ. 1923ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಅವೊಮೀಟರ್ ಅನ್ನುವ ಹಳೆಯ ಮಲ್ಟಿಮೀಟರ್ ಕೂಡ ಆಂಪಿಯರ್, ವೋಲ್ಟ್, ಓಮ್‌ಗಳ ಮೊದಲಕ್ಷರ ಸೇರಿಸಿ ಇಟ್ಟ ಹೆಸರೇ.

ಹಾಗಾಗಿ ಟಿಪ್ಪಣಿಯಲ್ಲಿ ವೋಲ್ಟೇಜ್, ಆಂಪ್ಸ್ ಅಂತ ಬರೆದು, ‘ಕರೆಂಟ್’ ಪದವನ್ನು ಸರಬರಾಜಿಗೆ ಮಾತ್ರ ಉಳಿಸಿಕೊಳ್ಳೋಣ ಅಂತಿದ್ದೇನೆ. ಪರೀಕ್ಷೆ ಬರೆಯುವ ಐಟಿಐ ಹುಡುಗರಿಗೆ ಇದರಿಂದ ಗೊಂದಲ ಆದೀತೇ?

ಇನ್ನೊಂದು ಸಣ್ಣದು. ಸಪ್ಲೈ ತೆಗೆದು, ವೈರು ಒಳಗೆಲ್ಲೂ ತುಂಡಾಗಿಲ್ಲ ಅಂತ ನೋಡುವ ಕಂಟಿನ್ಯೂಟಿ ಪರೀಕ್ಷೆಗೆ ‘ನಿರಂತರತೆ’ ಅಂತ ಹಾಕಿದರೆ ಕಾಲದ ಮಾತು ಅನಿಸುತ್ತದೆ. ಅಂಗಡಿಯಲ್ಲಿ ‘ಬೀಪ್ ಬರುತ್ತಾ ನೋಡು’ ಅಂದರೆ ಮುಗೀತು. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರ್ ಮೋಟಾರ್ ನೋಡಿಕೊಳ್ಳುವವರು ಏನನ್ನುತ್ತಾರೆ? ‘ಕರೆಂಟ್ ಕಮ್ಮಿ’ಗೆ ಅಲ್ಲಿ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.