ವೈತಾಂಗಿ ಫಲಕ: ಒಪ್ಪಂದವೋ ಒಡಂಬಡಿಕೆಯೋ? (ಇವತ್ತೇ ಬೇಕು)

ನಮಸ್ಕಾರ. ಆಕ್ಲೆಂಡಿನ ನಮ್ಮ ಕನ್ನಡ ತರಗತಿಯ ಮಕ್ಕಳು ಫೆಬ್ರವರಿ 6ರ ವೈತಾಂಗಿ ದಿನಕ್ಕೆ ಫಲಕ ಮಾಡಿದ್ದಾರೆ. ಸಂಜೆಯೊಳಗೆ ಪ್ರಿಂಟಿಗೆ ಕೊಡಬೇಕು. 1840ರಲ್ಲಿ ನ್ಯೂಜಿಲೆಂಡಿನ ವೈತಾಂಗಿಯಲ್ಲಿ ಬ್ರಿಟಿಷ್ ರಾಣಿಯ ಕಡೆಯವರಿಗೂ ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಮುಖ್ಯಸ್ಥರಿಗೂ ಆದ ಟ್ರೀಟಿಗೆ 'ಒಪ್ಪಂದ' ಅಂತ ಹಾಕಿದ್ದೇನೆ. ಬಾಡಿಗೆ ಮನೆಗೂ ಅದೇ ಪದ. ತೂಕ ಸಾಲದು ಅನಿಸುತ್ತಿದೆ.

ಇನ್ನೊಂದು ತೊಡಕು. ಇಂಗ್ಲಿಷ್ ಪ್ರತಿಯಲ್ಲಿ ಮುಖ್ಯಸ್ಥರು ಸಾರ್ವಭೌಮತ್ವ ಬಿಟ್ಟುಕೊಟ್ಟರು ಅಂತಿದೆ. ಮಾವೋರಿ ಪ್ರತಿಯಲ್ಲಿ ಕೊಟ್ಟದ್ದು 'ಕಾವನತಂಗ', ಉಳಿಸಿಕೊಂಡದ್ದು 'ರಂಗತಿರತಂಗ'. ಇವಕ್ಕೆ ಏನು ಹಾಕಲಿ? 'ಸಂವಿಧಾನದ ಮಾನ್ಯತೆ' ಅನ್ನೋ ಸಾಲೂ ಒಂದಿದೆ.

---

ಒಪ್ಪಂದ ಸಾಕು. 1792ರ ಶ್ರೀರಂಗಪಟ್ಟಣದ ಒಪ್ಪಂದ ಅಂತ ಶಾಲೆಯಲ್ಲಿ ಓದಿಲ್ವಾ? ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ ಪದಕ್ಕೆ ತೂಕ ಇಲ್ಲ ಅಂದರೆ ಹೇಗೆ?

ಮಾನ್ಯತೆ ಕೊಡುವುದು ಶಾಲೆಗೆ. ಜನಕ್ಕೆ ಮನ್ನಣೆ. ಅಂದಹಾಗೆ, ನ್ಯೂಜಿಲೆಂಡಿಗೆ ಒಂದೇ ಕಡೆ ಬರೆದಿಟ್ಟ ಸಂವಿಧಾನವೇ ಇಲ್ಲ. ಆ ಸಾಲು ಆಸ್ಟ್ರೇಲಿಯಾದ್ದಿರಬೇಕು. ಮೂಲನಿವಾಸಿಗಳನ್ನು ಸಂವಿಧಾನದಲ್ಲಿ ಗುರುತಿಸುವ ಪ್ರಸ್ತಾಪ ಅಲ್ಲೂ 2023ರ ಜನಮತಗಣನೆಯಲ್ಲಿ ಬಿದ್ದುಹೋಯಿತು.

---

ಒಡಂಬಡಿಕೆ. ಒಡನ್ + ಪಡು, ಪಕಾರ ಬಕಾರವಾಗಿದೆ. ಒಪ್ಪುವುದನ್ನು ಒಬ್ಬನೇ ಮಾಡಬಹುದು, ಒಡಂಬಡಲು ಇಬ್ಬರು ಬೇಕು. 'ಸಂಧಿ'ಯನ್ನಂತೂ ತರಬೇಡಿ. ಶಾಸನಗಳಲ್ಲಿ ಸಂಧಿವಿಗ್ರಹಿಗಳು ಇದ್ದಾರೆ, ನಿಜ. ಇವತ್ತಿನ ಮಕ್ಕಳಿಗೆ ಸಂಧಿ ಅಂದರೆ ಲೋಪ, ಆಗಮ, ಆದೇಶ.

ಕಾವನತಂಗಕ್ಕೆ ಆಳ್ವಿಕೆ, ರಂಗತಿರತಂಗಕ್ಕೆ ಗೌಡಿಕೆ. ಮುಗಿಯಿತು.

---

ಎಲ್ಲಿ ಮುಗಿಯಿತು? ಗೌಡಿಕೆ ಅಂದರೆ ಅರಸನ ಕೈಕೆಳಗೆ ಕಂದಾಯ ಎತ್ತುವ ಕೆಲಸ. ಅವರು ಉಳಿಸಿಕೊಂಡದ್ದು ತಮ್ಮ ನೆಲದ ಮೇಲಿನ ಪೂರ್ತಿ ಯಜಮಾನಿಕೆ.

ಒಡಂಬಡಿಕೆ ಅಂದರೆ ನಮ್ಮ ಕಡೆ ಬೈಬಲ್. ಹಳೆಯದಾಯಿತು, ಹೊಸದಾಯಿತು, ಮೂರನೆಯದು ವೈತಾಂಗಿಯಲ್ಲಿ ಬಂತಾ ಅನ್ನುತ್ತಾರೆ. ಮಾವೋರಿಗಳೇ ಟ್ರೀಟಿಯನ್ನು ಬಾಯಿಗೆ ಒಗ್ಗಿಸಿಕೊಂಡು 'ತಿರಿತಿ' ಅನ್ನುತ್ತಾರೆ. ಅವರಿಗಿಲ್ಲದ ಮಡಿ ನಮಗ್ಯಾಕೆ?

---

ಎರವಲಿನ ಗತಿ ನೋಡಿ. 'ಕಾವನ' ಅಂದರೆ ಗವರ್ನರ್. ಪಾದ್ರಿ ಹೆನ್ರಿ ವಿಲಿಯಮ್ಸ್ ಮಗನ ಜೊತೆ ಕೂತು ಒಂದೇ ರಾತ್ರಿಯಲ್ಲಿ ಅನುವಾದಿಸಿ, ಸಾರ್ವಭೌಮತ್ವವನ್ನು ಗವರ್ನರ್‌ಗಿರಿ ಮಾಡಿಟ್ಟರು. 500ಕ್ಕೂ ಹೆಚ್ಚು ಮುಖ್ಯಸ್ಥರು ಒಪ್ಪಿಗೆ ಹಾಕಿದರು, ಹೆಚ್ಚುಕಡಿಮೆ ಎಲ್ಲರೂ ಮಾವೋರಿ ಪ್ರತಿಗೇ. ಎರವಲು ಪದದ ದಾರಿಯಲ್ಲಿ ನೆಲ ಹೋಯಿತು.

---

ಸುಮ್ನೆ ಎರವಲಿನ ಮೇಲೆ ಹಾಕಬೇಡಿ ಸ್ವಾಮಿ. 'ಮನ' ಅನ್ನುವ ಅಪ್ಪಟ ಮಾವೋರಿ ಪದ ಇತ್ತು, ಅಧಿಕಾರ, ಘನತೆ ಅಂತ ಅರ್ಥ. 1835ರಲ್ಲಿ ಮಾವೋರಿ ಮುಖ್ಯಸ್ಥರು ಮಾಡಿದ ಸ್ವಾತಂತ್ರ್ಯ ಘೋಷಣೆಯಲ್ಲಿ ಸಾರ್ವಭೌಮತ್ವದ ಅರ್ಥಕ್ಕೆ ಅದನ್ನು ಬಳಸಿದ್ದರು. ಐದು ವರ್ಷದಲ್ಲಿ ಮರೆತುಹೋಯಿತಾ? 'ಮನ ಬಿಟ್ಟುಕೊಡಿ' ಅಂದಿದ್ದರೆ ಎಷ್ಟು ಜನ ಸಹಿ ಮಾಡುತ್ತಿದ್ದರು? ಆ ಮುಖ್ಯಸ್ಥರು ಸಾರ್ವಭೌಮತ್ವ ಬಿಟ್ಟುಕೊಡಲೇ ಇಲ್ಲ ಅಂತ 2014ರಲ್ಲಿ, ಈ ಟ್ರೀಟಿಯ ದೂರುಗಳನ್ನು ವಿಚಾರಿಸುವ ವೈತಾಂಗಿ ಟ್ರಿಬ್ಯೂನಲ್ಲೇ ಹೇಳಿದೆ. ದೇಸಿ ಪದ ಮುಚ್ಚಿಟ್ಟದ್ದು ತಪ್ಪು, ಎರವಲು ತಂದದ್ದಲ್ಲ.

---

ಪ್ರಿಂಟಿನವರು ಎರಡು ಸಲ ಫೋನ್ ಮಾಡಿದರು. 'ವೈತಾಂಗಿ ಒಪ್ಪಂದ' ಅಂತಲೇ ಕಳಿಸಿದೆ. ಕಾವನತಂಗ, ರಂಗತಿರತಂಗ ಹಾಗೇ ಇವೆ, ಕೆಳಗೆ ಸಣ್ಣಕ್ಷರದಲ್ಲಿ 'ಗವರ್ನರನ ಆಡಳಿತ', 'ಮುಖ್ಯಸ್ಥರ ಯಜಮಾನಿಕೆ'. ಸಂವಿಧಾನದ ಸಾಲು ತೆಗೆದೆ. ಎಲ್ಲರಿಗೂ ಥ್ಯಾಂಕ್ಸ್.

---

ಯಜಮಾನ ಸಂಸ್ಕೃತ. ಒಡೆತನ ಅನ್ನಬಹುದಿತ್ತು.