ಪರ್ತ್‌ನಲ್ಲಿ ಸಮುದ್ರದ ಹತ್ತಿರ ಮನೆ, ಮಕ್ಕಳಿಗೆ ಶಾಲೆ: ಸಹಾಯ ಬೇಕು

ಎಲ್ಲರಿಗೂ ಶರಣು. ನಾವು ಕಲಬುರಗಿಯವರು. ನಮ್ಮ ಮನೆಯವರಿಗೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಕೆಲಸ ಸಿಕ್ಕಿದೆ. ಜನವರಿಯಲ್ಲಿ ಹೊರಡಬೇಕು. ಆಫೀಸು ಸಿಟಿ ನಡುವೆಯೇ ಇದೆ.

ಸಮುದ್ರದ ಹತ್ತಿರ ಇರೋಣ ಅಂತ ಆಸೆ. ಮೊನ್ನೆ ನಮ್ಮೂರಿನ 'ಅಪ್ಪನ ಕೆರೆ' ದಂಡೆ ಮೇಲೆ ನಿಂತು ಐದು ವರ್ಷದ ಮಗ, "ಸಮುದ್ರ ಇದಕ್ಕಿಂತ ದೊಡ್ಡದಾ?" ಅಂದ. ಬಿಸಿಲೂರಿನವರ ಆಸೆ, ನಗಬೇಡಿ!

ಸ್ಕಾರ್ಬರೋ, ಹಿಲರೀಸ್, ಜೂಂಡಲಪ್ ಹೆಸರು ಬರೆದಿಟ್ಟಿದ್ದೇವೆ. ಜೂಂಡಲಪ್‌ಗೆ ರೈಲಿದೆ, ಆದರೆ ಕಡಲು ಸ್ವಲ್ಪ ದೂರ. ಉಳಿದೆರಡು ಕಡಲಿಗೆ ಅಂಟಿಕೊಂಡಿವೆ, ಆದರೆ ರೈಲು ಸ್ಟೇಷನ್ ಇಲ್ಲ, ಬಸ್ಸೇ ಗತಿ. ನನಗೆ ಕಾರು ಓಡಿಸೋಕೆ ಬರಲ್ಲ. ದಿನಾ ಮಕ್ಕಳನ್ನ ಬಿಟ್ಟು ಬರೋಕೆ ಯಾವುದು ವಾಸಿ?

ಅಲ್ಲಿ ಸರ್ಕಾರಿ ಶಾಲೆ ಸೀಟಿಗೆ ಮನೆ ವಿಳಾಸವೇ ಮುಖ್ಯ ಅಲ್ವಾ? ಹಾಗಾದರೆ ಮೊದಲು ಶಾಲೆ ನೋಡಬೇಕಾ, ಮನೆ ಹಿಡಿಯಬೇಕಾ? ಬಾಡಿಗೆ ಕರಾರು ಆಗುವವರೆಗೆ ಮಕ್ಕಳು ಸುಮ್ನೆ ಮನೆಯಲ್ಲೇ ಕೂರಬೇಕಾ?

ಜಾಸ್ತಿ ಚಿಂತೆ ಮಗಳದ್ದು. ಇಲ್ಲಿ ನಾಲ್ಕನೇ ಕ್ಲಾಸು, ಮೇನಲ್ಲಿ ಹತ್ತು ತುಂಬುತ್ತದೆ. ಅಲ್ಲಿ ಜೂನ್ 30ರ ಹೊತ್ತಿಗೆ ತುಂಬಿದ ವಯಸ್ಸು ನೋಡಿ ಕ್ಲಾಸು ಕೊಡುತ್ತಾರೆ, ವರ್ಷ ಶುರುವಾಗೋದೂ ಫೆಬ್ರವರಿ ಹೊತ್ತಿಗೆ. ಅಂದರೆ ನಾಲ್ಕು ಅರ್ಧಕ್ಕೆ ಬಿಟ್ಟು ಸೀದಾ ಐದಕ್ಕೆ! ಓದಿದ್ದು ಕನ್ನಡ ಮೀಡಿಯಂ. ಯಾರ ಮಕ್ಕಳಾದರೂ ಹೀಗೆ ಹೋಗಿದ್ದರೆ ಹೇಗೆ ಹೊಂದಿಕೊಂಡರು, ದಯವಿಟ್ಟು ಬರೆಯಿರಿ.

ಇನ್ನೊಂದು. ಅತ್ತೆಯವರು ಹತ್ತು ಕಿಲೋ ಜೋಳದ ಹಿಟ್ಟು ಬೀಸಿಸಿ ಕಟ್ಟಿಟ್ಟಿದ್ದಾರೆ. ತಿನ್ನೋ ಸಾಮಾನು ಏರ್‌ಪೋರ್ಟಿನಲ್ಲಿ ತೋರಿಸಲೇಬೇಕು ಅಂದರೂ ಕೇಳುತ್ತಿಲ್ಲ. ಅಲ್ಲೇ ಜೋಳದ ಹಿಟ್ಟು ಸಿಗುತ್ತೆ ಅಂತ ಯಾರಾದರೂ ಅಕ್ಕ ಹೇಳಿಬಿಡಿ, ಅವರಿಗೆ ಓದಿ ಹೇಳುತ್ತೇನೆ.